ದರ್ಬೆಯ ಡಾಕ್ಟರರಿಗೆ ‘ಚಂದ ಮಾಡಿ’ ಎಂದದ್ದು

ಸೋಮವಾರ ಬೆಳಿಗ್ಗೆ ಏಳೂವರೆಗೆ ನಾದಿನಿ ಸುಮತಿಯ ಜೊತೆ ಕಡಬದಿಂದ ಪುತ್ತೂರಿನ ಸರ್ಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರಾಯಿತು. ಕಂಡಕ್ಟರ್ ಕಾರ್ಡು ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಾರ್ಡು ನೋಡಿದ.

“ಇದು ನೀವೆಯಾ ಅಮ್ಮ?”

“ನಾನೇ ಮಾರಾಯ್ರೆ, ಜೀಪು ಮಗುಚುವ ಮೊದಲು.”

ಆರು ತಿಂಗಳ ಹಿಂದೆ ಜೀಪು ಮಗುಚಿ ಎಡಗೆನ್ನೆಯ ಎಲುಬು ಮುರಿದಿತ್ತು. ಬಾವು ಇಳಿದರೆ ಸರಿಯಾದೀತೆಂದು ಮನೆಯಲ್ಲೇ ಕುಳಿತೆ. ಬಾವು ಇಳಿಯಿತು, ಅದರೊಟ್ಟಿಗೆ ಕೆನ್ನೆಯೂ ಇಳಿಯಿತು. ಕಡಬ ಪೇಟೆಯಲ್ಲಿ ರವಿಕೆ ಹೊಲಿಯುವವಳು ನಾನು. ಬಂದವರೆಲ್ಲ ಬಟ್ಟೆ ಕೊಡುವ ಮೊದಲು ಕೆನ್ನೆ ವಿಚಾರಿಸುತ್ತಿದ್ದರು. ಹಾಗೆಂದು ಐವತ್ತೆರಡರ ಹೆಂಗಸು ಚಂದಕ್ಕೆ ಆಪರೇಷನ್ ಮಾಡಿಸಿಕೊಂಡರೆ ಜನ ಆಡಿಕೊಳ್ಳದೆ ಇರುತ್ತಾರೆಯೇ? ಬಾಯಿ ಅಗಲ ತೆರೆಯಲಾಗುವುದಿಲ್ಲ ಎಂಬ ನೆವ ಹಿಡಿದು ಹೊರಟಿದ್ದೆ. ನೆವ ಸುಳ್ಳೇನಲ್ಲ, ಅರ್ಧ ನಿಜ.

ಕೊಯಿಲದಲ್ಲಿ ಸರ್ಕಾರಿ ದನದ ಫಾರ್ಮು ಕಂಡಿತು. ಉಪ್ಪಿನಂಗಡಿಗೆ ಬರುವಾಗಲೇ ಸೆಖೆ. ಪುತ್ತೂರಿನಲ್ಲಿ ಇಳಿದು ಬನ್ಸ್ ತಿಂದು, ರಿಕ್ಷಾದಲ್ಲಿ ದರ್ಬೆಯ ಆಸ್ಪತ್ರೆ ಮುಟ್ಟಿದೆವು.

ಡಾಕ್ಟರರು ಧಾರವಾಡದ ಕಡೆಯವರು, ಸಣ್ಣ ಪ್ರಾಯ. ಸ್ಕ್ಯಾನ್ ನೋಡಿ, ತಪ್ಪಾಗಿ ಕೂಡಿಕೊಂಡ ಎಲುಬನ್ನು ಬಿಡಿಸಿ ಮತ್ತೆ ಕೂಡಿಸಬೇಕು ಎಂದರು.

“ಚಂದ ಮಾಡಿ ಕೂಡ್ಸಿ ಡಾಕ್ಟ್ರೇ,” ಎಂದೆ. ನಮ್ಮಲ್ಲಿ ರವಿಕೆ ಹೊಲಿಯುವುದೂ ಚಂದ ಮಾಡಿ, ಅಂಗಳ ಗುಡಿಸುವುದೂ ಚಂದ ಮಾಡಿ. ಸರಿಯಾಗಿ ಎಂದಷ್ಟೇ ಅರ್ಥ.

ಅವರು ಪೆನ್ನು ಕೆಳಗಿಟ್ಟರು. “ಚಂದ ಕಾಣಬೇಕಂತ ಬಾಯಿಬಿಟ್ಟು ಹೇಳಿದ್ರಲ್ಲ, ಚಲೋ ಆತು ಅಕ್ಕಾರ. ಭಾಳ ಮಂದಿ ಹೇಳಂಗಿಲ್ಲ. ಹಳೇ ಫೋಟೋ ಐತೇನ್ರಿ?”

ಸುಮತಿಗೆ ನಗು ತಡೆಯಲಿಲ್ಲ. “ಅಲ್ಲ ಡಾಕ್ಟ್ರೇ, ಅತ್ತಿಗೆ ಹೇಳಿದ್ದು...”

“ನೀನು ಸುಮ್ಮನೆ ಕೂತ್ಕೊ,” ಎಂದು ಅವಳ ಕೈ ಅದುಮಿ, ಡಾಕ್ಟರರಿಗೆ ಆಧಾರ್ ಕಾರ್ಡು ಕೊಟ್ಟೆ.

“ಇದರಾಗ ಯಾರೂ ಚಂದ ಕಾಣಂಗಿಲ್ರಿ. ಬ್ಯಾರೆ ಕೊಡ್ರಿ.”

ಸುಮತಿ ತನ್ನ ಮೊಬೈಲಿನಲ್ಲಿ ಹುಡುಕಿ ಕೊಟ್ಟ ಮದುವೆಮನೆಯ ಫೋಟೋದಲ್ಲಿ ನಾನು ನಗುತ್ತಿದ್ದೆ. ಗಾಯ ಹೊರಗೆ ಕಾಣದಂತೆ ಬಾಯಿಯ ಒಳಗಿನಿಂದಲೂ ಹುಬ್ಬಿನ ಕೂದಲ ಮರೆಯಿಂದಲೂ ಕೊಯ್ಯುತ್ತೇನೆ, ಆದರೆ ಮೊದಲಿನ ಮುಖವೇ ಬರುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರರು. “ಅಗಿಯೂದು ಎಷ್ಟು ಮುಖ್ಯನೋ, ನಾಕ್ ಮಂದಿ ಮುಂದ ಮುಖ ಎತ್ತಿ ಕೂಡೂದೂ ಅಷ್ಟೇ ಮುಖ್ಯರಿ.”

“ನನಗೆ ಅದೇ ಬೇಕಾದ್ದು,” ಎಂದೆ. ಆರು ತಿಂಗಳಲ್ಲಿ ಯಾರೆದುರೂ ಹೇಳದ ಮಾತು ಅದು. ಅವರು ತಪ್ಪು ತಿಳಿದುಕೊಂಡದ್ದು ನನ್ನ ಪುಣ್ಯ.

ಮಂಗಳವಾರ ಆಪರೇಷನ್ ಆಯಿತು. ಮೂರು ದಿನ ಸುಮತಿ ಸೋಸಿದ ಗಂಜಿ ಕುಡಿಸಿದಳು. ನಗಿಸಬೇಡ ಎಂದರೂ ನಗಿಸಿದಳು. ಅವಳ ಉಪಕಾರ ಈ ಜನ್ಮದಲ್ಲಿ ಮರೆಯಲಾರೆ.

ಶುಕ್ರವಾರ ಮಧ್ಯಾಹ್ನ ಬಸ್ಸಿನಲ್ಲಿ ಹಿಂದಿರುಗಿದೆವು. ಮುಖ ಇನ್ನೂ ಊದಿತ್ತು. ಸುಮತಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಉಪ್ಪಿನಂಗಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಎಡಕ್ಕೆ ಕುಳಿತು ಕೆನ್ನೆ ನೋಡಿದಳು.

“ಹಲ್ಲು ತೆಗ್ಸಿದ್ದಾ ಅಕ್ಕ? ಎರಡು ದಿನ ಬಾವು ಉಂಟು ನೋಡಿ, ಮತ್ತೆ ಎಂತದೂ ಇಲ್ಲ.”

“ಹೌದು, ಹಲ್ಲು,” ಎಂದೆ. ಕಡಬದವರೆಗೂ ಅವಳ ರಬ್ಬರ್ ತೋಟದ ತಾಪತ್ರಯ ಕೇಳುತ್ತ ಬಂದೆ, ಮುಖವನ್ನು ಅವಳ ಕಡೆಗೇ ತಿರುಗಿಸಿಕೊಂಡು.