ಹೆಸರಿಲ್ಲದ ರೋಗಿಗಳ ವರದಿ

ಕೊಡಗಿನಲ್ಲಿ ಔಷಧ ಕೊಟ್ಟವರು ಅನೇಕರಿದ್ದಾರೆ. ಔಷಧ ಕೇಳಲು ಜನ ಏಕೆ ಅಂಜುತ್ತಾರೆಂದು ವಿಚಾರಿಸಿದವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ, ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸುವ ಹೆಲ್ತ್ ವಿಸಿಟರ್ ಶ್ರೀಮತಿ ಬೊಳ್ಳಮ್ಮನವರು ಆ ವಿರಳರಲ್ಲೊಬ್ಬರು.

ಮೂರ್ನಾಡಿನ ರೈತ ಮನೆತನದಲ್ಲಿ ಹುಟ್ಟಿ, ದಾದಿಯ ತರಬೇತಿ ಪಡೆದು, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲೇ ಅವರು ಸರ್ಕಾರಿ ಸೇವೆಗೆ ಸೇರಿದರು. ಚಳಿಗಾಲದಲ್ಲಿ ಬಡ ಬಾಣಂತಿಯ ಮನೆಗೆ ಹೋದರೆ ತಮ್ಮ ಶಾಲನ್ನು ಅಲ್ಲೇ ‘ಮರೆತು’ ಬರುವುದು ಅವರ ಹಳೆಯ ಚಟ. ಆದರೆ ತಮ್ಮ ಸೇವೆಯ ಮಾತು ಬಂದಾಗ ಅವರು ಮೊದಲು ನೆನೆಯುವುದು ತಮ್ಮದೊಂದು ತಪ್ಪನ್ನು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಕಾಫಿ ಕೊಯ್ಲು. ಪಾಲಿಬೆಟ್ಟದ ಕಡೆ ವಾರಕ್ಕೊಮ್ಮೆ ನಡೆಯುತ್ತಿದ್ದ ಔಷಧಾಲಯ ಇರಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು, ಎಸ್ಟೇಟಿನ ಲೈನುಗಳಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ, ರೋಗಿಗಳೆಷ್ಟೆಂದು ವರದಿ ಕೊಡುವಂತೆ ಬೊಳ್ಳಮ್ಮನವರಿಗೆ ಆದೇಶ ಬಂತು. ಕೂಲಿಯವರ ಹಾಜರಿ ಬರೆಯುವ ಎಸ್ಟೇಟಿನ ರೈಟರ್ ಪೊನ್ನಪ್ಪ ಮರ್ಯಾದೆಯಿಂದ ಜೊತೆಗೇ ನಡೆದ. “ಕಾಯಿಲೆ ಇದೆಯೇ?” ಎಂದರೆ ಹೆಚ್ಚುಕಡಿಮೆ ಎಲ್ಲರೂ “ಇಲ್ಲ” ಎಂದರು. ನೂರಿಪ್ಪತ್ತು ಮನೆಗಳಲ್ಲಿ ಆರು ರೋಗಿಗಳೆಂದು ಬೊಳ್ಳಮ್ಮನವರು ಬರೆದು ಕಳುಹಿಸಿದರು. ಶನಿವಾರ ಮಡಿಕೇರಿಯಲ್ಲಿ ಇದನ್ನು ತೀರ್ಮಾನಿಸುವ ಸಮಿತಿಯ ಸಭೆ. ಔಷಧಾಲಯ ಮುಚ್ಚುವುದು ಖಚಿತವಾಗಿತ್ತು.

ಗುರುವಾರ ಹಾಜರಿ ಮುಗಿಸಿ ಪೊನ್ನಪ್ಪ ಎರಡು ದಿನಕ್ಕೆಂದು ಅಮ್ಮತ್ತಿಗೆ ಹೋಗಿದ್ದ. ತುಂಬು ಬಸುರಿ ಸಿದ್ದಿಯನ್ನು ನೋಡಲೆಂದು ಬೊಳ್ಳಮ್ಮನವರು ಒಬ್ಬರೇ ತೋಟಕ್ಕೆ ಬಂದರು. ಕಾಫಿ ಕೊಯ್ಯುತ್ತಿದ್ದ ಸಿದ್ದಿಯ ಮುಂದೆ ಹಣ್ಣು ತುಂಬುವ ಎರಡು ಚೀಲ.

“ಇದೇನೇ, ನಿನಗೊಬ್ಬಳಿಗೆ ಎರಡು?”

“ಒಂದು ಪಕ್ಕದ್ಮನೆ ದೊಡ್ಡಿದು, ಅವ್ವಾ.” ಸಿದ್ದಿ ಗಲ್ಲದಲ್ಲೇ ಗಿಡಗಳ ಮರೆ ತೋರಿಸಿದಳು.

ಬೆಳಿಗ್ಗೆ ಹಾಜರಿಗೆ ನಿಂತು ಬಂದಿದ್ದ ದೊಡ್ಡಿ ಅಲ್ಲಿ ಗೋಣಿ ಹೊದ್ದು ಚಳಿಜ್ವರದಲ್ಲಿ ನಡುಗುತ್ತಿದ್ದಳು.

“ಮೊನ್ನೆ ಚೆನ್ನಾಗಿದ್ದೀನಿ ಅಂದೆಯಲ್ಲೇ!”

“ರೈಟ್ರು ಪಕ್ಕದಾಗೇ ನಿಂತಿದ್ರಲ್ಲ ಅವ್ವಾ. ಕಾಯ್ಲೆ ಅಂದ್ರೆ ಹಾಜ್ರಿಯಿಂದ ಹೆಸ್ರು ಹೊಡೀತಾರೆ. ಹೆಸ್ರು ಹೋದ್ರೆ ಲೈನೂ ಬಿಡ್ಬೇಕು.”

ದೊಡ್ಡಿಯ ಗಂಡ ಬೊಮ್ಮ ನಕ್ಕ: “ಡಾಕ್ಟ್ರಮ್ಮ ರೈಟ್ರ ಜೊತೆ ಬಂದ್ರೆ ಸಾಕು, ರೋಗ ಎಲ್ಲ ಓಡೋಗ್ತದೆ. ಔಷಧಿ ಎಂತಕ್ಕೆ ನಮ್ಗೆ?”

ಆ ನಗು ನಾಟಿತು. ಅಂದೂ ಮರುದಿನವೂ ಬೊಳ್ಳಮ್ಮನವರು ಗಿಡಗಳ ನಡುವೆ ಸುತ್ತಿ ಒಂದೇ ಪ್ರಶ್ನೆ ಕೇಳಿದರು: “ಇವತ್ತು ಯಾರ ಚೀಲ ತುಂಬಿಸಿದೆ?” ತಮ್ಮ ಕಾಯಿಲೆಯನ್ನು ಮುಚ್ಚಿಟ್ಟವರು ನೆರೆಯವಳಿಗೆ ಮಾಡಿದ ಸಹಾಯವನ್ನು ಮುಚ್ಚಿಡಲಿಲ್ಲ. ಆರಿದ್ದ ರೋಗಿಗಳ ಲೆಕ್ಕ ನಲವತ್ತೊಂದಾಯಿತು. ಒಂದು ಹೆಸರನ್ನೂ ಬರೆದುಕೊಳ್ಳಲಿಲ್ಲ.

ಸಭೆಯಲ್ಲಿ ಅವರು ಎದ್ದು ನಿಂತು, “ನನ್ನ ವರದಿ ತಪ್ಪು” ಎಂದಾಗ ಅಧಿಕಾರಿಗಳ ಮುಖ ಬಿಗಿಯಾಯಿತು. ಸಮಿತಿಯಲ್ಲಿದ್ದ, ಅದೇ ತೋಟದ ಮಾಲೀಕ ಮೊಣ್ಣಪ್ಪನವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

“ನಮ್ಮ ಲೈನಿನಲ್ಲಿ ಕಾಯಿಲೆ ಇದ್ದರೆ ನನಗೆ ಗೊತ್ತಾಗದೆ ಇರ್ತದಾ? ಹೆಸರು ಹೇಳಿ, ನೋಡುವ.”

“ಹೆಸರು ಕೊಟ್ಟರೆ ನಾಳೆಯಿಂದ ರೋಗಿಗಳು ಇರುವುದಿಲ್ಲ ಮೊಣ್ಣಪ್ಪನವರೇ. ರೋಗ ಇರ್ತದೆ.”

ಸುಳ್ಳು ವರದಿಗೆ ಶಿಕ್ಷೆಯುಂಟೆಂದು ಅಧ್ಯಕ್ಷರು ಎಚ್ಚರಿಸಿದರು.

“ಶಿಕ್ಷೆ ಬರೆಯಿರಿ ಸ್ವಾಮಿ. ಅದಕ್ಕೆ ಹೆಸರಿದೆ, ನನ್ನದು.”

ಕೊನೆಗೆ ಮೂರು ತಿಂಗಳ ಪರೀಕ್ಷೆಗೆಂದು ಔಷಧಾಲಯ ಉಳಿಯಿತು. ರೋಗಿಗಳು ರೈಟರ್ ಕೊಡುವ ಅನುಮತಿ ಚೀಟಿ ಇಲ್ಲದೆ ನೇರವಾಗಿ ಬರಬಹುದು, ಬಂದವರ ಹೆಸರು ಹಾಜರಿಯಿಂದ ಹೊಡೆಯಕೂಡದು ಎಂದು ಬೊಳ್ಳಮ್ಮನವರು ಹಟ ಹಿಡಿದು ಬರೆಸಿದರು. ಅವರ ಸೇವಾ ಪುಸ್ತಕಕ್ಕೆ ಒಂದು ಛೀಮಾರಿಯೂ ಸೇರಿತು. ಬಡ್ತಿ ಮೂರು ವರ್ಷ ತಡವಾಯಿತು.

ಮುಂದಿನ ಬುಧವಾರ ಹನ್ನೊಂದು ಗಂಟೆಯಾದರೂ ಬೆಂಚು ಖಾಲಿ. ಕಾಂಪೌಂಡರ್ ಗಂಗಣ್ಣ ಸೀಸೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದರೆ, ಬೊಳ್ಳಮ್ಮನವರು ಬಾಗಿಲಿನಿಂದ ಕದಲಲಿಲ್ಲ. ಆಗ ದೊಡ್ಡಿ ಗಂಡನ ಹೆಗಲು ಹಿಡಿದು, ಪೊನ್ನಪ್ಪನ ಕಣ್ಣೆದುರೇ, ನಡುರಸ್ತೆಯಲ್ಲಿ ನಡೆದು ಬಂದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತಿಬ್ಬರು. ಮರುದಿನ ಹಾಜರಿಯಲ್ಲಿ ದೊಡ್ಡಿಯ ಹೆಸರು ಕೂಗಿದರು.

ಆ ಛೀಮಾರಿಯನ್ನು ತೆಗೆಸಿಹಾಕೋಣವೆಂದು ಈಚೆಗೆ ಗೆಳೆಯರು ಹೊರಟಾಗ, ತಪ್ಪು ತಮ್ಮದೇ, ದಾಖಲೆಯಲ್ಲಿರಲಿ ಎಂದು ಬೊಳ್ಳಮ್ಮನವರು ಬೇಡವೆಂದರು. ಇನ್ನು ಮೂರ್ನಾಡಿನ ಮನೆಯಲ್ಲಿ ಹೊಸದಾಗಿ ಸೇವೆಗೆ ಬರುವ ಹುಡುಗಿಯರಿಗೆ ಪಾಠ ಹೇಳುವರಂತೆ. ಆ ಹುಡುಗಿಯರು ಕಲಿತು, ಅವರ ಕೈಕೆಳಗಿನವರೂ ಕಲಿಯುವುದನ್ನು ಕಣ್ಣಾರೆ ಕಾಣುವಷ್ಟು ಕಾಲ ಅವರು ಗಟ್ಟಿಮುಟ್ಟಾಗಿ ಬಾಳಲಿ. ಅವರಿಗೇ ಜ್ವರ ಬಂದ ದಿನ ಮುಚ್ಚಿಡದೆ ನಮಗೆ ಹೇಳಲಿ.