ಕಾಕು ಸುಳ್ಳು ಹೇಳಿದ ದಿನಗಳು

ಮೊನ್ನೆ ಮೊಮ್ಮಗಳಿಗೆ ಜ್ವರ ಬಂದಾಗ ಮೂಲೆಯ ಔಷಧಿ ಅಂಗಡಿಯವನು ಗುಳಿಗೆಯ ಜೊತೆ ಒಂದು ಕೋಲನ್ ವಾಟರ್ ಶೀಶೆಯನ್ನೂ ಕೈಗಿಟ್ಟ. ಈಗ ಯಾರು ಹಾಕುತ್ತಾರೆ ಇದನ್ನು? ಆದರೂ ಮನೆಗೆ ತಂದೆ. ನಮ್ಮ ಸೊಲ್ಲಾಪುರದ ಮನೆಗಳಲ್ಲಿ ಜ್ವರ ಎಂದರೆ ಮೊದಲು ಇದೇ ಬರುತ್ತಿತ್ತು. ತಣ್ಣೀರಿಗೆ ನಾಲ್ಕು ಹನಿ ಕೋಲನ್ ವಾಟರ್, ಅದರಲ್ಲಿ ಅದ್ದಿ ಹಿಂಡಿದ ಹಳೇ ಧೋತರದ ಪಟ್ಟಿ, ಹಣೆಯ ಮೇಲೆ. ಮುಚ್ಚಳ ತಿರುಗಿಸಿದೆ. ಅತ್ತ ನಿಂಬೆಯೂ ಅಲ್ಲ, ಇತ್ತ ಹೂವೂ ಅಲ್ಲ, ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈ ಅಲ್ಲೇ ನಿಂತಿತು. ಪಕ್ಕದ ಮನೆ ಕಾಕು ಎದುರಿಗೆ ಬಂದು ಕೂತಂತಾಯಿತು...

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನನ್ನ ಬಳಗದವರಲ್ಲ. ಎರಡೂ ಮನೆಗೆ ಒಂದೇ ಗೋಡೆ, ಅಷ್ಟೇ ಸಂಬಂಧ. ಅವರ ತವರು ಅಕ್ಕಲಕೋಟ. ಗಂಡ, ನಾವೆಲ್ಲ ಕಾಕಾ ಎನ್ನುತ್ತಿದ್ದೆವು, ಚಾದರ ಮತ್ತು ಟಾವೆಲ್ಲಿನ ಸಗಟು ವ್ಯಾಪಾರಿ. ಮಕ್ಕಳಿರಲಿಲ್ಲ. ಕಾಕಾ ಒಳ್ಳೆಯ ಮನುಷ್ಯ, ಆದರೆ ಒಂದು ಕೆಟ್ಟ ಚಟವಿತ್ತು. ಯಾರ ಬಾಯಿಂದಾದರೂ ತಪ್ಪು ಮಾತು ಬಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಕೈ ಅಡ್ಡ ಆಡಿಸಿ, “ಹಂಗಲ್ಲ ಅದು” ಅನ್ನುವವರೇ. ಮದುವೆ ಮಾಡಿಸುವ ಭಟ್ಟರನ್ನೂ ಬಿಟ್ಟವರಲ್ಲ, ಎಸ್‌ಟಿ ಬಸ್ಸಿನ ಕಂಡಕ್ಟರನನ್ನೂ ಬಿಟ್ಟವರಲ್ಲ. ಹೆಚ್ಚು ಪಾಲು ಬಂದದ್ದು ಕಾಕುವಿಗೆ. “ಮದ್ವಿ ಆದಾಗಿಂದ ನನ್ನ ಒಂದ್ ಮಾತಿಗೂ ಬರೋಬರ ಅಂದಿಲ್ಲ ನೋಡವ್ವಾ ಇವ್ರು” ಎಂದು ನನ್ನ ಮುಂದೆ ಹಲ್ಲು ಕಡಿಯುತ್ತಿದ್ದರು.

ಅಂಗಡಿಯನ್ನು ಅಣ್ಣನ ಮಗನಿಗೆ ವಹಿಸಿದ ಮೇಲೆ ಕಾಕಾರಿಗೆ ಯುರೋಪಿನ ಹುಚ್ಚು ಹಿಡಿಯಿತು. ನಮ್ಮ ಕಡೆಯವರು ಗುಂಪು ಕಟ್ಟಿಕೊಂಡು ಟೂರಿಗೆ ಹೋಗುತ್ತಾರಲ್ಲ, ಹಾಗೆ ಇಬ್ಬರ ಹೆಸರನ್ನೂ ಬರೆಸಿದರು. ಅವರಿಗೆ ವಿಮಾನದ ಮೇಲೆ ಪ್ರೀತಿಯಿಲ್ಲ, ಆಸೆಯೆಲ್ಲ ಅಲ್ಲಿಯ ವೇಗದ ರೈಲಿನ ಮೇಲೆ. ಸಂಜೆ ಮಾಳಿಗೆಯ ಮೇಲೆ ಚಹಾ ಹಿಡಿದು ಕೂತರೆ ಶುರು. “ನಮ್ಮ ಎಸ್‌ಟಿ ಸೊಲ್ಲಾಪುರದಿಂದ ಅಕ್ಕಲಕೋಟಕ್ಕ ಮುಟ್ಟೂದ್ರಾಗ ಆ ಗಾಡಿ ಪ್ಯಾರಿಸ್ ಬಿಟ್ಟು ಬ್ರಸೆಲ್ಸ್ ಹತ್ರ ಬಂದಿರ್ತದ. ದೇಶಾನೇ ಬ್ಯಾರೆ!” ಬ್ರಸೆಲ್ಸ್‌ನಲ್ಲಿ ಉಚ್ಚೆ ಹೊಯ್ಯುವ ಪುಟ್ಟ ಹುಡುಗನ ಗೊಂಬೆಯಿದೆಯಂತೆ, ಅದಕ್ಕೆ ತೊಡಿಸುವ ಪೋಷಾಕುಗಳನ್ನು ಇಡಲು ಬೇರೆಯೇ ಒಂದು ಮನೆ. ಕಾಕು ಗಲ್ಲಕ್ಕೆ ಕೈಹಚ್ಚಿ, “ಅಷ್ಟ್ ಬಟ್ಟಿ ಇದ್ದೂ ಆ ಕೂಸಿಗೆ ಒಂದ್ ಚಡ್ಡಿ ಹಾಕ್ಲಿಲ್ಲೇನ್ರಿ?” ಅಂದಿದ್ದರು. ಆಮ್‌ಸ್ಟರ್‌ಡ್ಯಾಮಿನ ರೈಲು ನಿಲ್ದಾಣ ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಿದೆ ಎಂದರೆ, “ಗೆದ್ಲು ಹತ್ತಂಗಿಲ್ಲೇನ್ರಿ?” ಲಿಯೋನ್ ಎಂಬ ಊರು ಮಾತ್ರ ಕಾಕಾರ ಜೀವ. ಅದು ನೇಕಾರರ ಊರು. ಅಲ್ಲಿ ಮನೆಗಳ ಹೊಟ್ಟೆಯೊಳಗಿಂದ ಹಾದುಹೋಗುವ ಸಂದಿಗಳಿವೆಯಂತೆ, ರೇಷ್ಮೆಬಟ್ಟೆ ಮಳೆಗೆ ತೋಯದ ಹಾಗೆ ಒಳಗೊಳಗೇ ಒಯ್ಯುತ್ತಿದ್ದರಂತೆ. “ನಮ್ಮ ಹಿರ್ಯಾರಿಗೆ ಈ ಅಕಲ ಬರ್ಲಿಲ್ಲ, ಎಷ್ಟ್ ಚಾದರ ತೋಯ್ಸಿಕೊಂಡ್ವಿ!” ಎಂದು ನಿಜವಾಗಿಯೂ ಹಳಹಳಿಸುತ್ತಿದ್ದರು.

ನನ್ನನ್ನೂ ಕಾಕುವನ್ನೂ ಬೆರಗಾಗಿಸಿದ್ದು ಮಾತ್ರ ಕೊಲೋನ್. ಜರ್ಮನಿಯ ಊರು. ಸ್ಟೇಶನ್ನಿನಿಂದ ಹೊರಗೆ ಬಂದರೆ ಎದುರಿಗೇ ಆಕಾಶ ಮುಟ್ಟುವ ಚರ್ಚು, ಕಟ್ಟಿ ಮುಗಿಸಲು ಆರುನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತಂತೆ. “ಹಂಗಾರ ನಮ್ಮ ಓಣಿ ಗಟಾರಕ್ಕ ಇನ್ನೂ ಟೈಮ್ ಅದ ಬಿಡ್ರಿ” ಎಂದು ಕಾಕು ನಕ್ಕರು. ನಮ್ಮ ಜ್ವರದ ಕೋಲನ್ ವಾಟರ್ ಆ ಊರಿನ ಹೆಸರಿನದೇ ಎಂದಾಗ ನಗು ನಿಂತಿತು. ಹುಟ್ಟಿದಾಗಿನಿಂದ ಹಣೆಗೆ ಹಚ್ಚಿಕೊಂಡ ನೀರಿಗೆ ಒಂದು ಊರಿದೆ, ಆ ಊರಿಗೆ ಒಂದು ರೈಲಿದೆ! “ಅಲ್ಲೇ ಹೋಗಿ ಒಂದ್ ಬಾಟ್ಲಿ ತರೂಣ್ರಿ” ಎಂದು ಕಾಕು ಮೊದಲ ಸಲ ತಾವಾಗಿ ಟೂರಿನ ಮಾತೆತ್ತಿದರು.

ಎಲ್ಲ ತಯಾರಿ ಆಗಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುವುದೊಂದೇ ಬಾಕಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಕಾಕಾ ಬಚ್ಚಲಿನ ಬಾಗಿಲಲ್ಲೇ ಕುಸಿದರು. ಲಕ್ವ. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ದವಾಖಾನೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, “ಮಾತಾಡಿಸ್ತಾ ಇರ್ರಿ. ಅವ್ರಿಗೆ ಸೇರೋದನ್ನ ಹೇಳ್ರಿ. ಒಂದ್ ಶಬ್ದ ಬಂತಂದ್ರ ಮುಂದಿಂದು ಬರಬಹುದು” ಅಂದರು. ಬರಬಹುದು ಅಂದದ್ದನ್ನು ಕಾಕು ಬರುತ್ತದೆ ಎಂದೇ ಕೇಳಿಸಿಕೊಂಡರು. ಒಂದೇ ಒಂದು ಶಬ್ದ. ಅವರಿಗೆ ಬೇರೇನೂ ಬೇಕಿರಲಿಲ್ಲ.

ನಾನು ಆಗಷ್ಟೇ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತಳಾಗಿದ್ದೆ. ದಿನಾ ಮಧ್ಯಾಹ್ನ ಹೋಗಿ ಮೊಬೈಲಿನಲ್ಲಿ ಓದಿ ಓದಿ ಹೇಳುತ್ತಿದ್ದೆ, ಕಾಕು ಅದನ್ನೇ ಕಾಕಾರ ಕಿವಿಯಲ್ಲಿ ಹೇಳುತ್ತಿದ್ದರು. ಐಫೆಲ್ ಗೋಪುರ ಬೇಸಿಗೆಯಲ್ಲಿ ಗೇಣಿನಷ್ಟು ಬೆಳೆಯುತ್ತದೆ. ಪ್ಯಾರಿಸ್ಸಿನ ಹೊಳೆಯ ನಡುವೆಯೂ ಒಂದು ಸಣ್ಣ ಸ್ವಾತಂತ್ರ್ಯದೇವಿ ನಿಂತಿದ್ದಾಳೆ. ಕಾಕಾ ತಿರುಗುವ ಫ್ಯಾನು ನೋಡುತ್ತ ಮಲಗಿರುತ್ತಿದ್ದರು. ಕಲ್ಲಿಗೆ ಹೇಳಿದ ಹಾಗೆ. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಗೊತ್ತಾಗದೆ ಡಾಕ್ಟರರ ಮೇಲೆ ಹಾಕುತ್ತಿದ್ದೆ.

ಒಂದು ದಿನ ಕಾಕಾರಿಗೆ ಜ್ವರ ಬಂತು. ಕಾಕು ಹಣೆಗೆ ಕೋಲನ್ ವಾಟರಿನ ಪಟ್ಟಿ ಹಾಕುತ್ತ, ನಿದ್ದೆಗೆಟ್ಟ ಕಣ್ಣಲ್ಲಿ, “ಪ್ಯಾರಿಸ್ ನೀರಿನ ವಾಸ್ನಿ ಬರಾಕತ್ತದೇನ್ರಿ?” ಅಂದುಬಿಟ್ಟರು. ಬಾಯಿತಪ್ಪಿ ಬಂದ ಮಾತು. ಪಟ್ಟಿಯ ಕೆಳಗೆ ಕಾಕಾರ ಹುಬ್ಬು ಗಂಟಿಕ್ಕಿತು. ನಾನೂ ನೋಡಿದೆ, ಸುಳ್ಳು ಹೇಳುವುದಿಲ್ಲ. ಕಾಕು ಪಟ್ಟಿ ಕಿತ್ತು ನೋಡಿದರು, ಆಮೇಲೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. “ಕಂಡೇನವ್ವಾ? ಬರೋಬರ ಹೇಳಿದ್ರ ಸುಮ್ನ ಮಲಗ್ತಾರ. ತಪ್ಪ ಹೇಳಿದ್ರ ತಡ್ಕೊಳ್ಳಾಕ ಆಗಂಗಿಲ್ಲ ಅವ್ರಿಗೆ!”

ಅಂದಿನಿಂದ ಕಾಕು ಬರೀ ಸುಳ್ಳು ಹೇಳತೊಡಗಿದರು. ಐಫೆಲ್ ಗೋಪುರವನ್ನು ಲಂಡನ್ನಿಗೆ ಒಯ್ದರು. ಉಚ್ಚೆ ಹೊಯ್ಯುವ ಹುಡುಗನನ್ನು ಆಮ್‌ಸ್ಟರ್‌ಡ್ಯಾಮಿಗೆ ಕಳಿಸಿದರು. ಕೊಲೋನಿನ ಚರ್ಚನ್ನು ಒಂದೇ ವರ್ಷದಲ್ಲಿ ಕಟ್ಟಿ ಮುಗಿಸಿದರು. ನನ್ನ ಕೆಲಸವೂ ತಿರುಗಾಮುರುಗಾ ಆಯಿತು, ನಿಜ ಹುಡುಕಿಕೊಟ್ಟರೆ ಅವರು ಅದನ್ನು ಕೆಡಿಸುವುದು. ಒಮ್ಮೊಮ್ಮೆ ಹುಬ್ಬು ಅಲುಗುತ್ತಿತ್ತು, ಬಹಳ ದಿನ ಅದೂ ಇಲ್ಲ. ನೋಡಲು ಬಂದವರು ಕಾಕುವಿಗೇ ತಲೆ ಕೆಟ್ಟಿದೆ ಎಂದು ಪಿಸುಗುಟ್ಟಿದರು. ಪುಣೆಯಿಂದ ಬಂದ ಕಾಕಾರ ತಂಗಿಯಂತೂ, “ವೈನಿ, ಮಲಗಿದ ಮನುಷ್ಯಾಗ ಯಾಕ ತ್ರಾಸ ಕೊಡ್ತೀರಿ?” ಎಂದು ಎಲ್ಲರೆದುರೇ ಅಂದಳು. ಕಾಕು ಅವಳಿಗೆ ಚಹಾ ಕೊಟ್ಟು ಮತ್ತೆ ಹಾಸಿಗೆಯ ಹತ್ತಿರ ಹೋಗಿ ಕೂತರು.

ಒಂದು ಗುರುವಾರ ಕಾಕು ನನ್ನನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ಹೋದರು. ಸ್ವಾಮಿಗಳ ಗುಡಿಯಲ್ಲಿ, ಆಲದ ಮರದ ಹತ್ತಿರ, ಆ ಗದ್ದಲದಲ್ಲಿ ಕಣ್ಣು ಮುಚ್ಚಿ ನಿಂತು ಬೇಡಿಕೊಂಡದ್ದು ನನಗೆ ಕೇಳಿಸಿತು. ಹೆಂಗಸರು ಅಲ್ಲಿ ಗಂಡನ ಆಯುಷ್ಯ ಬೇಡುತ್ತಾರೆ. ಕಾಕು, “ಸ್ವಾಮಿ, ಒಂದ್ ಸಲ ನನ್ನ ಸಂಗಟ ಜಗಳಾ ಆಡ್ಸಪ್ಪಾ... ನಿಂದ್ ತಪ್ಪಂತ ಅವ್ರ ಬಾಯಿಂದ ಅನ್ಸಪ್ಪಾ” ಎಂದು ಬೇಡಿಕೊಳ್ಳುತ್ತಿದ್ದರು. ತಿರುಗಿ ಬರುವಾಗ ಎಸ್‌ಟಿಯಲ್ಲಿ ಕಿಟಕಿಗೆ ತಲೆಯಾನಿಸಿ, “ಈಗ ಆ ಗಾಡಿ ಬ್ರಸೆಲ್ಸ್ ಹತ್ರ ಬಂದಿರಬೇಕಲಾ?” ಅಂದರು. ನಾನು ಹೂಂ ಅಂದೆ.

ಮನೆಗೆ ಬಂದವರೇ ಕಾಕು ಚಪ್ಪಲಿ ಬಿಟ್ಟು ನೇರ ಕಾಕಾರ ಹತ್ತಿರ ಹೋದರು. ಎಲ್ಲಕ್ಕಿಂತ ದೊಡ್ಡ ಸುಳ್ಳು ಉಳಿಸಿಕೊಂಡಿದ್ದರು, ಹೇಳಲು ಅವರಿಗೇ ಧೈರ್ಯ ಬಂದಿರಲಿಲ್ಲ. “ಕೇಳ್ರಿಲ್ಲೆ. ಲಿಯೋನಿನಾಗ ನೇಕಾರ್ರೇ ಇರ್ಲಿಲ್ಲಂತ. ನಮ್ಮ ಚಾದರಾನೂ ಸೊಲ್ಲಾಪುರದ್ದಲ್ಲಂತ. ಪಾಣಿಪತ್‌ನವ್ರು ಮಾಡಿದ್ದಂತ. ನೀವ್ ಜಲ್ಮೆಲ್ಲಾ ಮಾರಿದ್ದು ನಕಲಿ ಮಾಲಂತ!” ಹೇಳುತ್ತ ಹೇಳುತ್ತ ಅವರ ಎದೆಯ ಮೇಲಿನ ಚಾದರ ಹಿಡಿದು ಜಗ್ಗತೊಡಗಿದರು. “ಅನ್ರಿ! ಹಂಗಲ್ಲ ಅನ್ರಿ! ನಾ ಸುಳ್ಳ ಹೇಳಾಕತ್ತೀನಿ, ಕೇಳಾಕತ್ತಿಲ್ಲೇನು?” ಕಾಕಾರ ಕಣ್ಣಿನಿಂದ ಒಂದು ಹನಿ ನೀರು ಇಳಿದು ಕಿವಿಯ ಕಡೆ ಹೋಯಿತು. ತುಟಿ ಅಲುಗಲಿಲ್ಲ. ಕಾಕು ಚಾದರ ಸರಿಮಾಡಿ, ಸೆರಗಿನಿಂದ ಆ ಹನಿ ಒರೆಸಿದರು. ಆಮೇಲೆ ಅವರು ಯಾವ ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಮಳೆ ಶುರುವಾಗುವ ಮೊದಲೇ ಕಾಕಾ ಹೋದರು. ಆ ಒಂದು ಶಬ್ದ ಬರಲೇ ಇಲ್ಲ.

ಮಾತಾಡಿಸಲು ಬಂದವರಿಂದ ಮನೆ ತುಂಬಿತ್ತು. ಕಾಕು ಗೋಡೆಗಾತು ಕೂತಿದ್ದರು, ಅಳುತ್ತಿರಲಿಲ್ಲ, ಯಾರು ಏನಂದರೂ ತಲೆಯೆತ್ತುತ್ತಿರಲಿಲ್ಲ. ಕಾಕಾರ ತಂಗಿ ಬಂದವರ ಮುಂದೆ ಮೂಗು ಒರೆಸಿಕೊಳ್ಳುತ್ತ, “ಪ್ಯಾರಿಸ್‌ಕ ಹೋಗಿ ಕೋಲನ್ ವಾಟರ್ ತರಾವಿದ್ದ ನಮ್ಮಣ್ಣ” ಎಂದಳು. ಕಾಕು ತಲೆಯೆತ್ತಿದರು. ಹುಬ್ಬು ಗಂಟಿಕ್ಕಿತು, ಕೈ ಅಡ್ಡ ಆಡಿತು.

“ಹಂಗಲ್ಲ ಅದು,” ಅಂದರು. “ಕೊಲೋನ್. ಪ್ಯಾರಿಸ್ ಅಲ್ಲ.”

ಮರುಗಳಿಗೆ ಕಾಕು ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದು, ಮೊದಲ ಸಲ, ಓಣಿಗೆಲ್ಲ ಕೇಳುವ ಹಾಗೆ ಅತ್ತರು.

ಕಾಕುವೂ ಬಹಳ ಕಾಲ ಇರಲಿಲ್ಲ. ಅಕ್ಕಲಕೋಟದ ತವರಿಗೆ ಹೋದವರು ಅಲ್ಲೇ ತೀರಿಕೊಂಡರು, ಸುದ್ದಿ ಬಂದಾಗ ಮಣ್ಣೂ ಆಗಿಹೋಗಿತ್ತು. ಅವರ ಮುಖ ನೋಡಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಪಕ್ಕದ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ, ಗೋಡೆಯಾಚೆ ದಿನವಿಡೀ ಟಿವಿ...

ಮೊಮ್ಮಗಳ ಹಣೆಗೆ ಪಟ್ಟಿ ಹಾಕಿದೆ. ಅವಳಿಗೆ ಮನೆಯಲ್ಲೂ ಮರಾಠಿಯೇ ಬಾಯಿಗೆ ಬರುತ್ತದೆ. “ಆಜಿ, ಹಾ ವಾಸ ಕಸಲಾ?” ಎಂದು ಕೇಳಿದಳು, ಇದು ಯಾತರ ವಾಸನೆ ಎಂದು. ನನಗೇನಾಯಿತೋ, ಗೋಡೆಯ ಕಡೆ ಮುಖ ಮಾಡಿ ಜೋರಾಗಿ, “ಪ್ಯಾರಿಸ್ ನೀರಿಂದು” ಅಂದೆ. ಅಂದು ಕಾದೆ. ಗೋಡೆಯಾಚೆ ಟಿವಿಯಲ್ಲಿ ಯಾರೋ ನಗುತ್ತಿದ್ದರು. ಮಗು ನನ್ನ ಮಾತನ್ನು ನಂಬಿ ಕಣ್ಣು ಮುಚ್ಚಿತು.

ಹೇಳಬೇಕಾದವರು ಯಾರೂ ಉಳಿದಿರಲಿಲ್ಲ. ಬಗ್ಗಿ, ಅವಳ ಬಿಸಿ ಕಿವಿಯ ಹತ್ತಿರ ನಾನೇ ಹೇಳಿದೆ. “ಹಂಗಲ್ಲ ಅದು, ಪುಟ್ಟಿ. ಕೊಲೋನ್ ಅಂತ ಒಂದ್ ಊರದ...”