ಇಂದೂಬಾಯಿಯ ಜರ್ಮನ್ ಗಾಡಿ

ಇಂದೂಬಾಯಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಇದು ರೋಗವೇನಲ್ಲ, ಹುಟ್ಟುಗುಣ. ಜಮಖಂಡಿಯಲ್ಲಿ ಲಂಗ ಉಟ್ಟು ಓಡಾಡುತ್ತಿದ್ದಾಗಲೇ ಅವಳ ಅಜ್ಜಿ, ಈ ಕೂಸಿನ ಕಾಲಲ್ಲಿ ಚಕ್ರ ಐತಿ ಎಂದಿದ್ದಳಂತೆ. ಅಂಥವಳನ್ನು ತಂದು ಪುಣೆಯ ವಾಕಡದಲ್ಲಿ ಶಿವರಾಜ ಎಂಬ ಕುಂತಲ್ಲೇ ಕುಂತಿರುವ ಮನುಷ್ಯನಿಗೆ ಗಂಟು ಹಾಕಿದರು. ಶಿವರಾಜ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಕುಡಿತವಿಲ್ಲ, ಬೈಗುಳವಿಲ್ಲ, ಹೆಂಡತಿ ಏನು ಬಡಿಸಿದರೂ ಚಲೋ ಆಗೇದ ಎಂದು ಉಣ್ಣುವವನು. ಆದರೆ ಮನೆ ಬಿಟ್ಟು ಹೊರಡೋಣ ಎಂದರೆ ಮಾತ್ರ ಅವನಿಗೆ ಜ್ವರ ಬಂದಂತಾಗುತ್ತಿತ್ತು. ಹೀಗಾಗಿ ಇಂದೂಬಾಯಿ ಮಗಳು ಸಪ್ನಾಳನ್ನು ಬೆಳೆಸುತ್ತ, ಅತ್ತೆ ಚನ್ನಬಸವ್ವನ ಜೊತೆ ರೊಟ್ಟಿ ಬಡಿಯುತ್ತ ಎರಡು ಕೋಣೆಗಳ ನಡುವೆಯೇ ಇಪ್ಪತ್ತೈದು ವರ್ಷ ಸುತ್ತಿದಳು. ಗಾಣದ ಎತ್ತು ಎಷ್ಟು ನಡೆದರೇನು, ಊರು ದಾಟೀತೇ?

ಸಪ್ನಾ ಲಗ್ನವಾಗಿ ನಾಶಿಕಕ್ಕೆ ಹೋದ ಮೇಲೆ ಮನೆ ಬಣಬಣ ಎನ್ನತೊಡಗಿತು. ಇಂದೂಬಾಯಿ ತೊಳೆದ ಪಾತ್ರೆಯನ್ನೇ ತೊಳೆದಳು, ಮಡಿಚಿದ ಬಟ್ಟೆಯನ್ನೇ ಬಿಚ್ಚಿ ಮಡಿಚಿದಳು. ಕಡೆಗೆ ಒಂದು ದಿನ ಹಿಂಜವಡಿಯ ಕಂಪ್ಯೂಟರ್ ಹುಡುಗರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರಲು ಶುರು ಮಾಡಿದಳು. ವಿಜಯಪುರ, ಬಾಗಲಕೋಟೆ, ಕಲಬುರಗಿಯ ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಬ್ರೆಡ್ಡು ತಿಂದು ಬದುಕಿದ್ದ ಹುಡುಗರು ಆ ರೊಟ್ಟಿಗೆ ಮುಗಿಬಿದ್ದರು. ತೊಂದರೆ ಒಂದೇ. ಖಡಕ್ ರೊಟ್ಟಿ ಅಂದರೆ ಹಪ್ಪಳದ ಅಕ್ಕ. ಹೊರಗೆ ಕಳಿಸಬೇಕೆಂದರೆ ರಿಕ್ಷಾವೇ ಗತಿ. ವಾಕಡದ ಗುಂಡಿಗಳಲ್ಲಿ ಎದ್ದು ಬಿದ್ದು ಹಿಂಜವಡಿ ಮುಟ್ಟುವಷ್ಟರಲ್ಲಿ ಡಬ್ಬಿಯಲ್ಲಿ ರೊಟ್ಟಿ ಹೋಗಿ ನುಚ್ಚು ಉಳಿದಿರುತ್ತಿತ್ತು.

ಆ ಗಾಡಿ ಅವಳ ಕಣ್ಣಿಗೆ ಬಿದ್ದದ್ದು ಯೆರವಡಾದಲ್ಲಿ, ಹಳೆ ಕಾರು ಮಾರುವವನ ಅಂಗಳದಲ್ಲಿ. ಚಾಕಣದ ಯಾವುದೋ ಕಾರ್ಖಾನೆಗೆ ಬಂದಿದ್ದ ಜರ್ಮನ್ ಎಂಜಿನಿಯರ್ ಹೊರಟುಹೋಗುವಾಗ ಬಿಟ್ಟುಹೋದದ್ದಂತೆ. ಮುಂದಿನಿಂದ ನೋಡಿದರೆ ಕಾರು, ಹಿಂದಿನಿಂದ ನೋಡಿದರೆ ಟೆಂಪೋ. ಬೆಳ್ಳನೆ ಬಣ್ಣ, ಕೊನೆಯವರೆಗೂ ಇಳಿಯದ ಉದ್ದ ಚಾವಣಿ, ಹಿಂದೆ ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಜಾಗ. ಸ್ಟೇಷನ್ ವ್ಯಾಗನ್ ಅಂತಾರೆ ಬಾಯಿ, ಇಲ್ಲಿ ಯಾರೂ ಇದನ್ನು ಕೇಳುವುದಿಲ್ಲ ಎಂದು ಮಾರುವವನೇ ಬೇಸರದಿಂದ ಹೇಳಿದ. ಇಂದೂಬಾಯಿ ಕೈಯಲ್ಲಿದ್ದ ರೊಟ್ಟಿಯ ಡಬ್ಬಿಯನ್ನು ಹಿಂದೆ ಇಟ್ಟು, ಅವನನ್ನೇ ಓಡಿಸಲು ಹಚ್ಚಿ, ಸಿಕ್ಕ ಸಿಕ್ಕ ಸ್ಪೀಡ್ ಬ್ರೇಕರ್ ಮೇಲೆಲ್ಲ ಹಾಯಿಸಿದಳು. ಮರಳಿ ಬಂದು ಡಬ್ಬಿ ತೆರೆದರೆ ಒಂದು ರೊಟ್ಟಿಯೂ ಮುರಿದಿರಲಿಲ್ಲ. ಅಲ್ಲಿಗೆ ವ್ಯವಹಾರ ಮುಗಿಯಿತು. ರೊಟ್ಟಿಯ ಗಳಿಕೆಯಲ್ಲಿ ಗಾಡಿ ಕೊಂಡು, ಓಡಿಸುವುದನ್ನೂ ಕಲಿತಳು.

ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು ಎಂದು ನೆಂಟರು ಆಡಿಕೊಂಡರು. ಅದೂ ಸಾಲದೆಂದು ಊರಿನ ಮಂದಿ ಅದನ್ನು ಹೆಣದ ಗಾಡಿ ಎಂದೇ ತಿಳಿದರು. ಸಿಗ್ನಲ್‌ನಲ್ಲಿ ನಿಂತರೆ ಪಕ್ಕದ ಸ್ಕೂಟರಿನವರು ಎದೆ ಮುಟ್ಟಿ ಕೈ ಮುಗಿಯುತ್ತಿದ್ದರು. ಒಮ್ಮೆ ಔಂಧದ ಚೌಕಿನಲ್ಲಿ ಪೊಲೀಸಪ್ಪ ಉಳಿದ ಗಾಡಿಗಳನ್ನೆಲ್ಲ ತಡೆದು, ಟೋಪಿ ತೆಗೆದು ಅವಳಿಗೆ ದಾರಿ ಬಿಟ್ಟ. ಇಂದೂಬಾಯಿ ಗಂಭೀರವಾಗಿ ತಲೆ ಬಾಗಿಸಿ, ಶೇಂಗಾ ಚಟ್ನಿಯ ಘಾಟು ಬಿಡುತ್ತ ಮುಂದೆ ಹೋದಳು. ಬೇಗ ಮುಟ್ಟಿದರೆ ಸಾಕಲ್ಲ, ಸತ್ತವರಾರೆಂದು ಯಾಕೆ ಹೇಳಬೇಕು!

ಗಾಡಿ ಸಾಕುವುದು ಆನೆ ಸಾಕಿದಂತೆಯೇ ಆಯಿತು. ಒಂದು ರಬ್ಬರ್ ಬಳೆ ಹೋದರೂ ಅದು ಸಮುದ್ರ ದಾಟಿ ಬರಬೇಕು. ಯೆರವಡಾದ ಗ್ಯಾರೇಜಿನ ಅಶ್ವಿನ್ ಎಂಬ ಮೆಕ್ಯಾನಿಕ್ ಎದುರು ಸ್ಟೂಲು ಹಾಕಿಕೊಂಡು ಕೂತು ಅವಳು ಒಂದೊಂದೇ ಕಲಿತಳು. ಎಣ್ಣೆ ಯಾವಾಗ ಕಪ್ಪಾಗುತ್ತದೆ, ನೀರು ಎಲ್ಲಿಂದ ಸೋರುತ್ತದೆ, ಯಾವ ಸದ್ದು ಸುಳ್ಳು, ಯಾವ ಸದ್ದು ನಿಜ ಎಲ್ಲ ತಿಳಿಯಿತು. ಮನೆಯಲ್ಲಿ ಅರೆಗಳಿಗೆ ಕೂರದವಳು ಅಲ್ಲಿ ತಾಸುಗಟ್ಟಲೆ ಕೂರುತ್ತಿದ್ದಳು. ಚಕ್ರ ಹಿಡಿದು ಹೆದ್ದಾರಿಗೆ ಬಂದಾಗಂತೂ ಎದೆಯೊಳಗಿನ ತಳಮಳವೆಲ್ಲ ಇಳಿದು ಕಾಲಿಗೆ ಬಂದು, ಅಲ್ಲಿಂದ ಗಾಡಿಗೆ ಹೋಗಿಬಿಡುತ್ತಿತ್ತು. ಓಡುವುದು ಗಾಡಿ, ತಣ್ಣಗಾಗುವವಳು ಅವಳು.

ಹೀಗೆ ನಾಲ್ಕು ವರ್ಷ ನಡೆದದ್ದು ಈ ಬೇಸಿಗೆಯಲ್ಲಿ ಕೆಟ್ಟಿತು. ಗಾಡಿ ಏರು ಬಂದರೆ ಏದುಸಿರು ಬಿಡತೊಡಗಿತು. ನಡು ರಸ್ತೆಯಲ್ಲಿ ಗಕ್ಕನೆ ನಿಲ್ಲುವುದು, ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಅಶ್ವಿನ್ ಪಂಪು ಬದಲಿಸಿದ, ವೈರು ಬದಲಿಸಿದ, ಕಂಪ್ಯೂಟರ್ ಹಚ್ಚಿ ನೋಡಿದ. ಕಡೆಗೆ ಕೈ ಒರೆಸಿಕೊಳ್ಳುತ್ತ, ವಹಿನೀ, ಇನ್ನು ಮಾರಿಬಿಡಿ ಎಂದು ಮರಾಠಿಯಲ್ಲಿ ಹೇಳಿದ. ಆ ವಾರವೇ ಹಿಂಜವಡಿಯ ಮೇಲುಸೇತುವೆಯ ನೆತ್ತಿಯಲ್ಲಿ ಗಾಡಿ ನಿಂತು, ಹಿಂದಿನ ಟ್ರಕ್ಕು ಇನ್ನೇನು ಗುದ್ದಬೇಕು, ಅಷ್ಟರಲ್ಲಿ ಬ್ರೇಕು ಹಿಡಿಯಿತು. ಸುದ್ದಿ ಶಿವರಾಜನ ಕಿವಿಗೆ ಬಿತ್ತು.

ಶಿವರಾಜ ಜಗಳವಾಡಲಿಲ್ಲ. ಅವನು ಜಗಳವಾಡಿದ್ದರೆ ಇಂದೂಬಾಯಿಗೆ ಎಷ್ಟೋ ಹಗುರವಾಗುತ್ತಿತ್ತು. ಬ್ಯಾಂಕಿನ ಸ್ನೇಹಿತನ ಮನೆಯಲ್ಲಿ ಬಾಡಿಗೆಗಿರುವ ಅಭಿಲಾಷ ಎಂಬ ತುಮಕೂರಿನ ಹುಡುಗನಿಗೆ ಇಂಥ ಹಳೆ ಗಾಡಿಗಳ ಹುಚ್ಚಂತೆ, ಭಾನುವಾರ ನೋಡಲು ಬರುತ್ತಾನೆ ಎಂದ. ರೊಟ್ಟಿ ಮುಟ್ಟಿಸಲು ಆ್ಯಪಿನ ಹುಡುಗರು ಸಿಗುತ್ತಾರೆ ಎಂದ. ಆಮೇಲೆ ಬಹಳ ಪ್ರೀತಿಯಿಂದ ಹೇಳಿದ:

"ಸಾಕು ಮಾಡು ಇಂದೂ. ಭಾಳ ಓಡಾಡಿದಿ. ಇನ್ನ ಆರಾಮ ಮನ್ಯಾಗ ಕೂಡು."

ಆರಾಮ ಎಂಬ ಶಬ್ದ ಕೇಳಿದ್ದೇ ತಡ, ಆ ಎರಡು ಕೋಣೆಗಳು ಮತ್ತೆ ತನ್ನ ಮೈಮೇಲೆ ಬೀಳುವುದು ಅವಳ ಕಣ್ಣಿಗೆ ಕಟ್ಟಿತು. ಗಾಡಿ ನಿಲ್ಲುತ್ತದೆ, ಅದಕ್ಕೇ ಅಲ್ಲವೇ ಮಾರುವುದು? ನಿಲ್ಲದ ಹಾಗೆ ಮಾಡಿದರೆ ಮಾರುವ ಮಾತೇ ಏಳುವುದಿಲ್ಲ. ಭಾನುವಾರದೊಳಗೆ ರೋಗ ಹಿಡಿಯಬೇಕು ಎಂದು ಪಣ ತೊಟ್ಟಳು. ಆ ವಾರವಿಡೀ ಮೈಮೇಲೆ ಇರುವೆ ಬಿಟ್ಟುಕೊಂಡವಳಂತೆ ಚಡಪಡಿಸಿದಳು. ಒಲೆಯ ಮೇಲೆ ರೊಟ್ಟಿ ಸೀಯುತ್ತಿದ್ದರೆ ಇವಳು ಕೆಳಗೆ ಗಾಡಿಯ ಬಾನೆಟ್ಟಿನೊಳಗೆ ತಲೆ ತೂರಿಸಿರುತ್ತಿದ್ದಳು.

ರೋಗ ಸಿಕ್ಕಿದ್ದು ಶುಕ್ರವಾರ, ಮೂಗಿಗೆ. ಬಾಣೇರದ ಏರಿನಲ್ಲಿ ಗಾಡಿ ನಿಂತಾಗ ಎಂಜಿನ್ನಿನಿಂದ ಒಗ್ಗರಣೆಯ ವಾಸನೆ ಬಂತು. ಮೊದಲೂ ಬರುತ್ತಿತ್ತು, ಹಿಂದಿನ ಚಟ್ನಿಯದಿರಬೇಕು ಎಂದು ಬಿಟ್ಟಿದ್ದಳು. ಆವತ್ತು ಚಟ್ನಿ ಇರಲಿಲ್ಲ. ವಾಸನೆಯ ಜಾಡು ಹಿಡಿದು, ಎಂಜಿನ್ ಉಸಿರೆಳೆಯುವ ಕಪ್ಪು ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ದೀಪಾವಳಿಗೆ ಹೊಸದಾಗಿ ಹಾಕಿಸಿದ, ಗಾಳಿ ಸೋಸುವ ಜಾಳಿಗೆ ಎಂದು ಅಶ್ವಿನ್ ಅದನ್ನು ಮುಟ್ಟಿಯೇ ಇರಲಿಲ್ಲ. ಒಳಗೆಲ್ಲ ಹಳದಿ. ಜಾಳಿಗೆಯ ಮಡಿಕೆಗಳಲ್ಲಿ, ಕೊಳವೆಯಲ್ಲಿ, ಗಾಳಿ ಅಳೆಯುವ ಆ ಎಳೆ ತಂತಿಯ ಮೇಲೆ, ಎಲ್ಲ ಕಡೆ ಅರಿಸಿನ ಮೆತ್ತಿತ್ತು.

ಇಂದೂಬಾಯಿ ರಸ್ತೆಯ ಬದಿಯಲ್ಲಿ ಕುಕ್ಕರಿಸಿದಳು. ಯಾರ ಕೈ ಎಂದು ಕೇಳುವಂತೆಯೇ ಇರಲಿಲ್ಲ.

ಹೋದ ಚಂಪಾಷಷ್ಠಿಗೆ ತಾಯಿಯ ಮಾತು ಮೀರಲಾಗದೆ ಶಿವರಾಜನೂ ಹೊರಟು, ಮೂವರೂ ಇದೇ ಗಾಡಿಯಲ್ಲಿ ಜೇಜುರಿಗೆ ಹೋಗಿ ಖಂಡೋಬನಿಗೆ ಭಂಡಾರ ಹಾರಿಸಿ ಬಂದಿದ್ದರು. ಪ್ರಸಾದದ ಆ ಅರಿಸಿನ ಪುಡಿಯನ್ನು ಚನ್ನಬಸವ್ವ ಚೀಲ ತುಂಬ ತಂದಿದ್ದಳು. ಅಂದಿನಿಂದ ಪ್ರತಿ ಭಾನುವಾರ, ದೇವರ ವಾರ, ಸೊಸೆ ಹೊರಡುವ ಮುಂದೆ ಮುದುಕಿ ಮೆಟ್ಟಿಲು ಇಳಿದು ಬಂದು ಗಾಡಿಯ ಮೂತಿಗೆ ಭಂಡಾರ ಎರಚುತ್ತಿದ್ದಳು. ಅದೂ ಎಂಜಿನ್ ಶುರುವಾಗಿರಲೇಬೇಕು. ಉಸಿರಾಡದ ಗಾಡಿಗೆ ಯಾತರ ಪೂಜೆ ಎಂಬುದು ಅವಳ ವಾದ. ಗಾಡಿಯೋ, ಭಕ್ತಿಯಿಂದ ಅಷ್ಟನ್ನೂ ಒಳಗೆ ಎಳೆದುಕೊಳ್ಳುತ್ತಿತ್ತು. ಅದು ನಿಲ್ಲತೊಡಗಿದ ಮೇಲೆ ಮುದುಕಿಗೆ ಭಯ ಹೆಚ್ಚಿತು. ಚಿಟಿಕೆ ಹೋಗಿ ಹಿಡಿ ಆಯಿತು, ಹಿಡಿ ಹೋಗಿ ಬೊಗಸೆ ಆಯಿತು, ಭಾನುವಾರ ಹೋಗಿ ದಿನಾ ಬೆಳಿಗ್ಗೆ ಆಯಿತು. ನಿಂತಷ್ಟೂ ಎರಚಿದಳು, ಎರಚಿದಷ್ಟೂ ನಿಂತಿತು. ಇಂದೂಬಾಯಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಶನಿವಾರ ಅಶ್ವಿನ್ ಪೆಟ್ಟಿಗೆ ನೋಡಿ ಬೆರಳಿಂದ ಒಂದಿಷ್ಟು ಹಳದಿ ಒರೆಸಿ ಮೊದಲು ಹಣೆಗೆ ಹಚ್ಚಿಕೊಂಡ, ಆಮೇಲೆ ತೊಳೆದ. ಗಾಡಿ ಹರೆಯದ ಹೋರಿಯಂತೆ ಹಾರಿತು. ಇಂದೂಬಾಯಿ ಮೆಟ್ಟಿಲು ಹಾರಿ ಹಾರಿ ಹತ್ತಿ ಗಂಡನಿಗೆ ಸುದ್ದಿ ಹೇಳಿದಳು. ಕಸ ಸಿಕ್ಕಿತ್ತು, ತೆಗೆದಾಯಿತು, ಇನ್ನು ನಿಲ್ಲುವುದಿಲ್ಲ ಎಂದಳು. ಯಾವ ಕಸ ಎಂದು ಹೇಳಲಿಲ್ಲ. ಅತ್ತೆ ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. ನಿಮ್ಮ ಭಕ್ತಿಯೇ ಗಾಡಿಯ ಗಂಟಲು ಹಿಡಿದಿತ್ತು ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಶಿವರಾಜನ ಮುಖ ಅರಳಿತು. ಭಾಳ ಚಲೋ ಆಯಿತು, ಇನ್ನು ಹುಡುಗ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾನೆ ಎಂದ. ಇಂದೂಬಾಯಿ ನಿಂತಲ್ಲೇ ಮರವಾದಳು. ವಾರವೆಲ್ಲ ಒದ್ದಾಡಿ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತಾಗಿತ್ತು.

ಭಾನುವಾರ ಬೆಳಿಗ್ಗೆ ಅಭಿಲಾಷ ಬಂದ. ಸಭ್ಯ ಹುಡುಗ, ಚಪ್ಪಲಿ ದೂರ ಬಿಟ್ಟು ಗಾಡಿಯನ್ನು ಗುಡಿಯಂತೆ ಸುತ್ತು ಹಾಕಿದ. ಆಂಟಿ, ಎಷ್ಟು ಚೆನ್ನಾಗಿ ಮೇಂಟೇನ್ ಮಾಡಿದೀರ ಎಂದು ನಿಜವಾಗಿಯೂ ಬೆರಗಾದ. ಅವನ ಮೇಲೆ ಸಿಟ್ಟು ಮಾಡಲೂ ಬರುವಂತಿರಲಿಲ್ಲ. ಅಷ್ಟರಲ್ಲಿ ಚನ್ನಬಸವ್ವ ಭಂಡಾರದ ಬಟ್ಟಲು ಹಿಡಿದು ಮೆಟ್ಟಿಲು ಇಳಿದಳು. ಇಂದೂಬಾಯಿಯ ತಲೆಯಲ್ಲಿ ಮಿಂಚು ಹೊಡೆದಂತಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗಾಡಿ ಶುರು ಮಾಡಿ, ತಾನೇ ಬಾನೆಟ್ಟು ಎತ್ತಿ, ಕಪ್ಪು ಪೆಟ್ಟಿಗೆಯ ಬಾಯಿಗೆ ಸರಿಯಾಗಿ ಅತ್ತೆಯನ್ನು ನಿಲ್ಲಿಸಿದಳು.

"ಅತ್ತೀ, ಇವತ್ತ ಕೈ ಬಿಚ್ಚಿ ಹಾಕ್ರಿ," ಎಂದಳು.

ಮುದುಕಿ ಏಳುಕೋಟಿ ಎಂದು ದೇವರ ಜಯಕಾರ ಕೂಗಿ ಬಟ್ಟಲನ್ನೇ ಬೋರಲು ಹಾಕಿದಳು. ಎಂಜಿನ್ ಹಳದಿಯಾಯಿತು, ಅಭಿಲಾಷನ ಅಂಗಿ ಹಳದಿಯಾಯಿತು. ಅವನು ನಗುತ್ತಲೇ ಗಾಡಿ ಹತ್ತಿ ಹೊರಟ. ಇಂದೂಬಾಯಿ ಗೇಟಿನ ಹತ್ತಿರ ನಿಂತು, ನಿಲ್ಲಲಿ ಖಂಡೋಬಾ, ಸೇತುವೆಯ ಏರಿನಲ್ಲೇ ನಿಲ್ಲಲಿ ಎಂದು ಬೇಡಿಕೊಂಡಳು. ಒಂದು ಕಾಲಿನ ಮೇಲೆ ನಿಂತಳು, ಇನ್ನೊಂದು ಕಾಲಿಗೆ ಬದಲಿಸಿದಳು, ಸೆರಗಿನ ತುದಿ ಕಚ್ಚಿದಳು. ಆರು ತಿಂಗಳಲ್ಲಿ ಆಗುವ ಕೆಲಸ ಅರ್ಧ ತಾಸಿನಲ್ಲಿ ಆದೀತೇ? ಗಾಡಿ ಒಮ್ಮೆಯೂ ಕೆಮ್ಮದೆ ಗಾಳಿಯಂತೆ ಮರಳಿ ಬಂತು. ಹುಡುಗ ಇಳಿದವನೇ ಕೀಲಿಯನ್ನು ಅವಳ ಕೈಗಿಟ್ಟು, ಇವತ್ತೇ ತಗೊಂಡು ಹೋಗ್ಲಾ ಅಂಕಲ್ ಎಂದು ಶಿವರಾಜನನ್ನು ಕೇಳಿದ.

ಶಿವರಾಜ ಕೀಲಿಗಾಗಿ ಹೆಂಡತಿಯ ಮುಂದೆ ಕೈ ಚಾಚಿದ. ಇಂದೂಬಾಯಿ ಮುಷ್ಟಿ ಬಿಚ್ಚಬೇಕೆಂದುಕೊಂಡಳು. ಅದು ಬಿಚ್ಚಲಿಲ್ಲ.

"ಕೊಡೂದಿಲ್ರೀ," ಎಂದಳು. "ಗಾಡಿ ಹೋದ್ರ ನಾ ಈ ಮನ್ಯಾಗ ಇರಾಕ ಆಗೂದಿಲ್ಲ. ನಿಮ್ಮ ಮ್ಯಾಲ ಸಿಟ್ಟಿಲ್ಲ. ನನಗ ಕೂಡಾಕ ಬರೂದಿಲ್ಲ, ಅಷ್ಟ. ಇಷ್ಟು ವರ್ಷ ಕುಂತಂಗ ಮಾಡೇನಿ."

ಪರರ ಎದುರು ಇದೇನು ಎಂದು ಶಿವರಾಜ ಕೆಂಪಾದ. ನಾಳೆ ಮತ್ತೆ ನಡುರಸ್ತೆಯಲ್ಲಿ ನಿಂತರೆ, ಟ್ರಕ್ಕು ಬಂದರೆ ಯಾರು ಹೊಣೆ ಎಂದ. ಅದು ಇನ್ನು ನಿಲ್ಲುವುದಿಲ್ಲ, ಅತ್ತೆ ಭಂಡಾರ ಹಾಕುವುದು ಬಿಟ್ಟರೆ ನಿಲ್ಲುವುದಿಲ್ಲ ಎಂದು ಅವಳ ಬಾಯಿ ಜಾರಿತು. ಜಾರಿದ ಮೇಲೆ ಮುಚ್ಚುವುದೇನು? ಜಾಳಿಗೆಯಲ್ಲಿ ಕಂಡದ್ದು, ಇವತ್ತು ತಾನೇ ಬಾನೆಟ್ಟು ಎತ್ತಿದ್ದು ಯಾತಕ್ಕೆಂಬುದು, ಎಲ್ಲವನ್ನೂ ಹೇಳಿಬಿಟ್ಟಳು. ಚನ್ನಬಸವ್ವ ತನ್ನ ಹಳದಿ ಅಂಗೈಯನ್ನೇ ನೋಡುತ್ತ ಕಂಪೌಂಡಿನ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು. ಇಂದೂಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಶಿವರಾಜ ಕೊನೆಯ ಅಸ್ತ್ರವೆಂಬಂತೆ ತಾಯಿಯ ಕಡೆ ತಿರುಗಿ, ಯವ್ವಾ, ನೀನಾದರೂ ಈಕೆಗೆ ಬುದ್ಧಿ ಹೇಳು ಎಂದ. ಮುದುಕಿ ಅಂಗೈಯ ಹಳದಿಯನ್ನು ಸೆರಗಿಗೆ ಒರೆಸಿಕೊಂಡಳು. ಮಾತಾಡಿದಾಗ ಮಗನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ.

"ನಿಮ್ಮಪ್ಪನ ಮನ್ಯಾಗ ನನಗೂ ಕೂಡಾಕ ಬರ್ತಿದ್ದಿಲ್ಲೋ ಶಿವಾ," ಎಂದಳು. "ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ. ಐವತ್ತು ವರ್ಷ ಆತು."

ಶಿವರಾಜ ತನ್ನ ಅವ್ವನನ್ನು ಈಗಷ್ಟೇ ಯಾರೋ ಪರಿಚಯ ಮಾಡಿಕೊಟ್ಟಂತೆ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಅಭಿಲಾಷನ ಹತ್ತಿರ ಹೋಗಿ, ತಪ್ಪು ತಿಳಿಯಬೇಡಪ್ಪಾ, ಗಾಡಿ ಮಾರುವುದಿಲ್ಲ ಎಂದ.